ಭಾನುವಾರ ಕೂಲಿಗೆ ಹೋದರೆ ಆರಾಧನೆ ತಪ್ಪಿತೇ?



ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ಮುಗಿದಿತ್ತು. ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಸಹಿ ಹಾಕುವ ಹೊತ್ತಿಗೆ ಒಬ್ಬ ಅಕ್ಕ ನಮ್ಮನ್ನು ಕೇಳಿದರು: "ಹತ್ತಿ ಬಿಡಸೋ ಕಾಲದಾಗ ಐತಾರ ಸೈತ ಕೂಲಿಗೆ ಕರೀತಾರ್ರಿ. ಹೋದ್ರ ಪೂಜಿ ತಪ್ತದ, ಬಿಟ್ರ ಆ ದಿನದ ಕೂಲಿ ಹೋಗ್ತದ. ಚರ್ಚಿಗಿ ಹೋಗ್ಲಾರದೆ ಹೊಲದಾಗ ಮಾಡಿದ ಪ್ರಾರ್ಥನಿ ದೇವ್ರಿಗಿ ಮುಟ್ತದೇನ್ರಿ?" ಪಕ್ಕದಲ್ಲಿದ್ದ ಇನ್ನೊಬ್ಬ ಅಕ್ಕ ಕ್ರೈಸ್ತರಲ್ಲ. ಅವರು ನಗುತ್ತಾ ಹೇಳಿದರು: "ನಮ್ದೂ ಅದೇ ಕತಿ ತಗೋರಿ. ಗುಡಿಗಿ ಹೋಗಬೇಕಂದ್ರ ಕೆಲಸ ಎಲ್ಲಿ ಬಿಡ್ತದ?"

ಆ ಹೊತ್ತಿಗೆ ನಾವು ಏನೋ ಒಂದು ಸಮಾಧಾನದ ಮಾತು ಹೇಳಿ ಬಂದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬಡವರಿಗೆ ದೇವರ ಹತ್ತಿರ ಹೋಗಲಿಕ್ಕೆ ಸಮಯವೂ ಇಲ್ಲ, ದಾರಿಯೂ ಇಲ್ಲ ಎನ್ನುವ ನೋವು ಆ ಮಾತಿನಲ್ಲಿತ್ತು. ಕ್ರೈಸ್ತರ ದಿನನಿತ್ಯದ ಬದುಕಿನಲ್ಲಿ ಆರಾಧನೆ ಅಂದರೆ ಏನು ಎಂಬುದನ್ನು ಈ ಸಲ ಸ್ವಲ್ಪ ಬಿಡಿಸಿ ಹೇಳೋಣ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರಿದ್ದೀರಿ. ಯಾರೂ ತಮ್ಮ ಧರ್ಮ ಬಿಡಲಿ ಎಂದು ಇದನ್ನು ಬರೆಯುತ್ತಿಲ್ಲ. ಕ್ರೈಸ್ತ ಅಕ್ಕಂದಿರು ತಮ್ಮ ನಂಬಿಕೆಯ ಅರ್ಥ ತಿಳಿಯಲಿ, ಉಳಿದವರು ತಮ್ಮ ಗೆಳತಿ ಏನನ್ನು ನಂಬುತ್ತಾಳೆ ಎಂದು ಅರಿಯಲಿ ಎಂಬುದಷ್ಟೇ ನಮ್ಮ ಆಶೆ.

ನೀರಿಗೆ ಬಂದ ಹೆಣ್ಣುಮಗಳು

ಆರಾಧನೆ ಎಲ್ಲಿ ಮಾಡಬೇಕು? ಈ ಪ್ರಶ್ನೆಯನ್ನು ಯೇಸುಸ್ವಾಮಿಯ ಮುಂದೆ ಇಟ್ಟವಳು ಪಂಡಿತಳೇನೂ ಅಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕೊಡ ಹಿಡಿದು ಬಾವಿಗೆ ಬಂದ ಸಮಾರಿಯ ನಾಡಿನ ಒಬ್ಬ ಹೆಣ್ಣುಮಗಳು. ಸಂತ ಯೊವಾನ್ನರು ಬರೆದ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಅವಳ ಜನ ಒಂದು ಬೆಟ್ಟದ ಮೇಲೆ ಆರಾಧಿಸುತ್ತಿದ್ದರು, ಯೆಹೂದ್ಯರು ಜೆರುಸಲೇಮಿನ ದೇವಾಲಯದಲ್ಲಿ. ಇವೆರಡರಲ್ಲಿ ಸರಿ ಯಾವುದು ಎಂಬುದೇ ಜಗಳ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅಂಥ ಕಾಲದಲ್ಲಿ ಯೇಸು ಅವಳ ಹತ್ತಿರ ಕುಡಿಯಲಿಕ್ಕೆ ನೀರು ಕೇಳಿದರು. ದೇವರಿಗೆ ಬೇಕಾದವರು ಆತ್ಮದಿಂದ, ಸತ್ಯದಿಂದ ಆರಾಧಿಸುವವರು, ಅದಕ್ಕೆ ಆ ಬೆಟ್ಟವೇ ಆಗಬೇಕು, ಈ ಬೆಟ್ಟವೇ ಆಗಬೇಕು ಎಂದೇನೂ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟರು.

ಇದರಲ್ಲಿ ಎರಡು ಸಂಗತಿ ಗಮನಿಸಿ. ಆರಾಧನೆಯ ಬಗ್ಗೆ ಇಷ್ಟು ದೊಡ್ಡ ಮಾತು ಹೇಳಿದ್ದು ಮನೆಗೆಲಸದ ನಡುವೆ ಇದ್ದ ಒಬ್ಬ ಹೆಣ್ಣುಮಗಳಿಗೆ. ಹಾಗೆಯೇ ಜಾಗಕ್ಕಿಂತ ಸತ್ಯ ದೊಡ್ಡದು ಎಂದು ಹೇಳಿದ್ದು. ಸತ್ಯ ಅಂದರೆ ಒಳಗೊಂದು ಹೊರಗೊಂದು ಇಲ್ಲದಿರುವುದು. ಚರ್ಚಿನಲ್ಲಿ ಜೋಡಿಸಿದ ಕೈ ಬೇರೆಯಲ್ಲ, ಸಂಘದ ಪುಸ್ತಕ ಬರೆಯುವ ಕೈ ಬೇರೆಯಲ್ಲ.

ದುಡಿಮೆಗೂ ಆರಾಧನೆಗೂ ಒಂದೇ ಮಾತು

ಬೈಬಲಿನ ಹಳೆಯ ಭಾಗ ಹೀಬ್ರೂ ಭಾಷೆಯಲ್ಲಿದೆ. ಅದರಲ್ಲಿ 'ಅವೋದಾ' ಎಂಬ ಮಾತು ಬರುತ್ತದೆ. ಹೊಲದ ದುಡಿಮೆಗೂ ಅದೇ ಮಾತು, ದೇವರ ಆರಾಧನೆಗೂ ಅದೇ ಮಾತು. ಕಥೋಲಿಕರು ತಮ್ಮ ಪೂಜಾವಿಧಿಗೆ ಬಳಸುವ 'ಲಿತುರ್ಜಿ' ಎಂಬ ಮಾತು ಗ್ರೀಕ್ ಭಾಷೆಯದು. ಅದರ ಮೂಲ ಅರ್ಥ ಊರಿನವರಿಗಾಗಿ ಮಾಡುವ ಕೆಲಸ ಎಂದು. ನಮ್ಮ ಕನ್ನಡದಲ್ಲೂ ನೋಡಿ, ಗುಡಿಯಲ್ಲಿ ಮಾಡಿಸುವುದೂ ಸೇವೆ, ಹಾಸಿಗೆ ಹಿಡಿದ ಅತ್ತೆಗೆ ಮಾಡುವುದೂ ಸೇವೆ.

ನಮ್ಮ ನೆಲಕ್ಕೆ ಈ ವಿಚಾರ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜನರ ಬದುಕಿಗೆ ತಂದರು. ದಾಸೋಹಕ್ಕೆ ಹೆಸರಾದ ಕಲಬುರಗಿಯ ಶರಣಬಸವೇಶ್ವರರು ನಮ್ಮ ಕಡೆಯ ಅರಳಗುಂಡಗಿಯವರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಬರುವ ಭಕ್ತರು, ಎಷ್ಟೇ ಸಿರಿವಂತರಾಗಿರಲಿ, ಐದು ಮನೆಯಲ್ಲಿ ಮಾಧುಕರಿ ಬೇಡಿ ಉಣ್ಣುವ ಪದ್ಧತಿ ಇದೆ. ಆಳಂದದ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಭಕ್ತಿ ಎಂದರೆ ಅನ್ನ ಹಂಚುವುದು, ಅಹಂಕಾರ ಇಳಿಸುವುದು ಎಂಬುದನ್ನು ನಮ್ಮ ಮೂರೂ ತಾಲ್ಲೂಕಿನ ಜನ ತಮ್ಮ ತಮ್ಮ ರೀತಿಯಲ್ಲಿ ಬಲ್ಲರು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. "ದುಡಿಯೋದೇ ದೇವರ ಪೂಜೆ, ಸುಮ್ನೆ ದುಡಿ" ಎಂದು ಹೇಳಿ ಹೆಣ್ಣುಮಕ್ಕಳನ್ನು ದುಡಿಸಿಕೊಳ್ಳುವವರೂ ಇದ್ದಾರೆ. ಇಸ್ರಯೇಲರು ಈಜಿಪ್ಟಿನಲ್ಲಿ ಫರೋಹನ ಇಟ್ಟಿಗೆ ಹೊತ್ತು ಮಾಡುತ್ತಿದ್ದ ಬಿಟ್ಟಿ ಚಾಕರಿಗೂ ಬೈಬಲಿನಲ್ಲಿ ಇದೇ 'ಅವೋದಾ' ಎಂಬ ಮಾತೇ ಇದೆ. ದೇವರು ಅದನ್ನು ಆರಾಧನೆ ಎಂದು ಒಪ್ಪಲಿಲ್ಲ. ಅವರ ಗೋಳು ಕೇಳಿ, ಅಲ್ಲಿಂದ ಬಿಡಿಸಿ, ತನ್ನನ್ನು ಆರಾಧಿಸಲಿಕ್ಕೆ ಕರೆದುಕೊಂಡು ಹೋದರು. ಅಂದಮೇಲೆ ಎಲ್ಲ ದುಡಿಮೆಯೂ ಆರಾಧನೆಯಲ್ಲ. ಪ್ರೀತಿಯಿಂದ, ನ್ಯಾಯದಿಂದ ಮಾಡಿದ ದುಡಿಮೆ ಆರಾಧನೆ. ಹೆದರಿಸಿ ಮಾಡಿಸಿಕೊಂಡದ್ದು ಚಾಕರಿ.

ಬಲಿಪೂಜೆಯಲ್ಲಿ ನಡೆಯುವುದೇನು?

ಕಥೋಲಿಕ ಕ್ರೈಸ್ತರಿಗೆ ಬಲಿಪೂಜೆಯೇ ಎಲ್ಲಕ್ಕಿಂತ ದೊಡ್ಡ ಆರಾಧನೆ. ಮೊದಲು ಇದು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಹೇಳುತ್ತಿದ್ದರು, ಜನ ಸುಮ್ಮನೆ ಜಪಮಾಲೆ ಹಿಡಿದು ಕೂರುತ್ತಿದ್ದರು. ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆ, 1963ರ ಡಿಸೆಂಬರಿನಲ್ಲಿ, ಜನರ ಭಾಷೆಗೆ ಪೂಜೆಯಲ್ಲಿ ಜಾಗ ಕೊಟ್ಟಿತು. ಜನ ಬರೀ ನೋಡುವವರಾಗಬಾರದು, ಅರ್ಥ ತಿಳಿದು ಪೂರ್ತಿ ಪಾಲ್ಗೊಳ್ಳಬೇಕು ಎಂದಿತು. ಇವತ್ತು ನಾವು ಕನ್ನಡದಲ್ಲಿ ಹಾಡಿ, ಕನ್ನಡದಲ್ಲಿ ಉತ್ತರ ಹೇಳುವುದು ಆ ತೀರ್ಮಾನದ ಫಲ.

ಪೂಜೆಯ ಒಂದೊಂದು ಹಂತವನ್ನೂ ನಮ್ಮ ವಾರದ ಬದುಕಿಗೆ ಜೋಡಿಸಿ ನೋಡೋಣ.

ಮೊದಲು ಎಲ್ಲರೂ ಕೂಡುತ್ತಾರೆ. ಕೂಡಿದ ಕೂಡಲೇ ಮಾಡುವ ಕೆಲಸ ತಪ್ಪು ಒಪ್ಪಿಕೊಳ್ಳುವುದು. ಮಾಡಿದ ತಪ್ಪಷ್ಟೇ ಅಲ್ಲ, ಮಾಡಬೇಕಾಗಿದ್ದು ಮಾಡದೇ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತಾರೆ. ಪಕ್ಕದ ಮನೆಯ ಹುಡುಗಿಯನ್ನು ಹದಿನೈದಕ್ಕೇ ಮದುವೆ ಮಾಡುವಾಗ ನಾವು ಬಾಯಿ ಮುಚ್ಚಿಕೊಂಡು ಊಟ ಮಾಡಿ ಬಂದಿದ್ದರೆ, ಅದೂ ಆ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ದೇವರ ವಾಕ್ಯ ಕೇಳುತ್ತಾರೆ. ಕೇಳುವುದು ಸಹ ಆರಾಧನೆಯೇ. ಸಂಘದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತ, ಓದು ಬರಹ ಬಾರದ ಅಕ್ಕನ ಮಾತನ್ನು ಪೂರ್ತಿ ಕೇಳುವವಳು ಕೇಳುವುದನ್ನು ಕಲಿತವಳು.

ನಂತರ ರೊಟ್ಟಿ ಮತ್ತು ದ್ರಾಕ್ಷಾರಸದ ಕಾಣಿಕೆ. ಇಲ್ಲಿ ಸ್ವಲ್ಪ ನಿಲ್ಲಿ. ಪೀಠದ ಮೇಲೆ ಹಸಿ ಗೋಧಿ ತೆನೆ ಇಡುವುದಿಲ್ಲ, ರೊಟ್ಟಿ ಇಡುತ್ತಾರೆ. ತೆನೆ ರೊಟ್ಟಿಯಾಗಬೇಕಾದರೆ ಬಿತ್ತಬೇಕು, ಕಳೆ ತೆಗೆಯಬೇಕು, ಕೊಯ್ಯಬೇಕು, ರಾಶಿ ಮಾಡಬೇಕು, ಬೀಸಬೇಕು, ಸುಡಬೇಕು. ಗುರುಗಳು ಆ ಹೊತ್ತಿಗೆ ಹೇಳುವ ಪ್ರಾರ್ಥನೆಯಲ್ಲಿ ಭೂಮಿಯ ಫಲದ ಜೊತೆಗೆ ಮನುಷ್ಯರ ಕೈದುಡಿಮೆಯನ್ನೂ ನೆನೆಯುತ್ತಾರೆ. ಅಂದರೆ ಹೊಲದಲ್ಲಿ ಬಗ್ಗಿದ ನಿಮ್ಮ ಬೆನ್ನು, ಒಲೆಯ ಮುಂದೆ ಸುಟ್ಟುಕೊಂಡ ನಿಮ್ಮ ಬೆರಳು ಆ ಕಾಣಿಕೆಯಲ್ಲಿ ಸೇರಿವೆ. ಯೇಸುವೇ ಆ ರೊಟ್ಟಿಯಲ್ಲಿ ತಮ್ಮನ್ನು ಕೊಡುತ್ತಾರೆ ಎಂಬುದು ಕಥೋಲಿಕರ ನಂಬಿಕೆ. ಅದನ್ನು ಮುರಿದು ಎಲ್ಲರಿಗೂ ಹಂಚುತ್ತಾರೆ.

ಕೊನೆಗೆ ಗುರುಗಳು ಆಶೀರ್ವದಿಸಿ ಕಳಿಸುತ್ತಾರೆ. ಪೂಜೆಗೆ ಇಂಗ್ಲಿಷಿನಲ್ಲಿ 'ಮಾಸ್' ಎನ್ನುತ್ತಾರಲ್ಲ, ಅದು 'ಕಳಿಸುವುದು' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಬಂದಿದೆ. ಚರ್ಚಿನ ಬಾಗಿಲು ದಾಟಿದ ಮೇಲೆ ಆರಾಧನೆ ಮುಗಿಯಲಿಲ್ಲ, ಅಲ್ಲಿಂದ ಅದು ಮನೆಗೆ, ಹೊಲಕ್ಕೆ, ಸಂತೆಗೆ ಹೊರಟಿತು ಎಂದು ಅರ್ಥ.

ಕೊರಿಂಥದ ಊಟ

ಕ್ರೈಸ್ತರ ಆರಂಭದ ದಿನಗಳಲ್ಲೇ ಒಂದು ತಪ್ಪು ನಡೆದಿತ್ತು. ಗ್ರೀಸ್ ದೇಶದ ಕೊರಿಂಥ ಎಂಬ ಪಟ್ಟಣದಲ್ಲಿ ಭಕ್ತರು ಪ್ರಭುವಿನ ಭೋಜನಕ್ಕೆ ಕೂಡುತ್ತಿದ್ದರು. ಉಳ್ಳವರು ತಮ್ಮ ಬುತ್ತಿ ಬಿಚ್ಚಿ ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ದುಡಿದು ತಡವಾಗಿ ಬಂದ ಕೂಲಿಯವರಿಗೆ, ಆಳುಗಳಿಗೆ ಏನೂ ಉಳಿಯುತ್ತಿರಲಿಲ್ಲ ಎಂದು ಬೈಬಲ್ ಬಲ್ಲವರು ವಿವರಿಸುತ್ತಾರೆ. ಸುಮಾರು ಕ್ರಿ.ಶ. 55ರಲ್ಲಿ ಸಂತ ಪೌಲರು ಅವರಿಗೆ ಪತ್ರ ಬರೆದು ಕಟುವಾಗಿ ಗದರಿಸಿದರು. ಇಲ್ಲದವರನ್ನು ಅವಮಾನ ಮಾಡಿ ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂಬುದು ಅವರ ಮಾತಿನ ತಿರುಳು. ಹಾಡು, ಪ್ರಾರ್ಥನೆ ಎಲ್ಲ ಇತ್ತು. ಆದರೂ ಅದು ಆರಾಧನೆಯಾಗಲಿಲ್ಲ.

ನಮ್ಮ ಊರುಗಳಿಗೆ ಈ ಪತ್ರ ಬಂದರೆ ಏನು ಹೇಳೀತು? ಚಹಾದಂಗಡಿಯಲ್ಲಿ ಬೇರೆ ಲೋಟ, ನೀರಿಗೆ ಬೇರೆ ಸರದಿ, ಸಂಘದ ಸಭೆ ಯಾರ ಓಣಿಯಲ್ಲಿ ಎಂಬ ಪಿಸುಮಾತು. ಕ್ರೈಸ್ತರು ತಮ್ಮಲ್ಲಿ ಇದೆಲ್ಲ ಇಲ್ಲ ಎಂದು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಹೊರತಂದು, ಚರ್ಚಿನ ಒಳಗೂ ಜಾತಿಭೇದ ಉಳಿದಿದೆ ಎಂದು ಒಪ್ಪಿಕೊಂಡಿತು. ಒಂದೇ ರೊಟ್ಟಿ ಹಂಚಿಕೊಂಡು ಬಂದು ಬೇರೆ ಲೋಟ ಇಡುವವರು ಕೊರಿಂಥದವರಿಗಿಂತ ಬೇರೆಯೇನಲ್ಲ.

ಕಾಣಿಕೆ ಅಲ್ಲೇ ಬಿಟ್ಟು ಹೋಗು

ಆಳಂದ ತಾಲ್ಲೂಕಿನ ಒಂದು ಸಂಘದಲ್ಲಿ ನಾವು ಕಂಡ ಸಂಗತಿ ಇದು. ಒಬ್ಬ ಸದಸ್ಯೆ, ತಾನು ಕಟ್ಟಿದ 300 ರೂಪಾಯಿ ಕಂತು ಪುಸ್ತಕದಲ್ಲಿ ಇಲ್ಲ ಎಂದು ಲೆಕ್ಕ ಬರೆಯುವ ಅಕ್ಕನ ಮೇಲೆ ಎಲ್ಲರ ಮುಂದೆ ಹಣ ತಿಂದ ಆರೋಪ ಹೊರಿಸಿದರು. ಆ ಅಕ್ಕ ಅಳುತ್ತಾ ಪುಸ್ತಕ ಕೊಟ್ಟು ಹೋದರು. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಹಣ ಜಮೆಯಾಗಿತ್ತು, ಆದರೆ ಅದೇ ಹೆಸರಿನ ಇನ್ನೊಬ್ಬ ಸದಸ್ಯೆಯ ಖಾತೆಗೆ ಬರೆದುಹೋಗಿತ್ತು. ಆರೋಪ ಮಾಡಿದವರಿಗೆ ಇದು ತಿಳಿದರೂ ಹೇಳಲಿಕ್ಕೆ ನಾಚಿಕೆ. ಒಂದು ಭಾನುವಾರ ಪೂಜೆಯಲ್ಲಿ ಪರಮಪ್ರಸಾದಕ್ಕೆ ಸಾಲು ನಿಂತಾಗ ಅವರಿಗೆ ಕಾಲು ಮುಂದೆ ಹೋಗಲಿಲ್ಲವಂತೆ. ಹಾಗೇ ಹೊರಗೆ ಬಂದು ನೇರ ಆ ಅಕ್ಕನ ಮನೆಗೆ ಹೋದರು. "ತಪ್ಪು ನಂದೇ ಅದ ಅಕ್ಕಾ" ಎಂದರು. ಅದು ಸಾಲದು ಎಂದು ಮುಂದಿನ ಸಭೆಯಲ್ಲಿ ಎಲ್ಲರೆದುರು ಮತ್ತೆ ಹೇಳಿದರು. ಎಲ್ಲರ ಮುಂದೆ ಹೋದ ಮಾನ ಎಲ್ಲರ ಮುಂದೆಯೇ ತಿರುಗಿ ಬರಬೇಕಲ್ಲವೇ?

ಸಂತ ಮತ್ತಾಯರು ಬರೆದ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇದನ್ನೇ ಬೋಧಿಸುತ್ತಾರೆ. ಪೀಠದ ಮುಂದೆ ನಿಂತಾಗ ಯಾರಿಗೋ ನಿನ್ನ ಮೇಲೆ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬಾ ಎಂಬುದು ಆ ಬೋಧನೆ.

ಇದನ್ನು ತಪ್ಪಾಗಿ ತಿಳಿಯಬೇಡಿ. ಕ್ಷಮೆ ಎಂದರೆ ಕುಡಿದು ಬಂದು ಹೊಡೆಯುವ ಗಂಡನ ಏಟು ತಿಂದು ಸುಮ್ಮನಿರುವುದಲ್ಲ. ಅನ್ಯಾಯ ಸಹಿಸುವುದು ಆರಾಧನೆಯಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರಲ್ಲಿ ಕಾನೂನೇ ಬಂದಿದೆ. ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತು ಕರೆ 112ಕ್ಕೆ ಫೋನು ಮಾಡಬಹುದು. ಅಂಥ ಅಕ್ಕನ ಜೊತೆ ನಿಲ್ಲುವುದು ಸಂಘದ ಕರ್ತವ್ಯ, ಕ್ರೈಸ್ತರಿಗೆ ಅದು ಆರಾಧನೆಯ ಭಾಗವೂ ಹೌದು.

ತಕ್ಕಡಿ ಮತ್ತು ಕೂಲಿ

ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಆಮೋಸ ಎಂಬ ಪ್ರವಾದಿ ಇದ್ದರು. ಅವರು ಕುರಿ ಕಾಯುವವರು, ಪೂಜಾರಿಯಲ್ಲ. ಹಬ್ಬದ ದಿನ ಯಾವಾಗ ಮುಗಿದೀತು, ಯಾವಾಗ ಅಂಗಡಿ ತೆರೆದು ಸಣ್ಣ ಸೇರಿನಲ್ಲಿ, ಮೋಸದ ತಕ್ಕಡಿಯಲ್ಲಿ ಧಾನ್ಯ ಮಾರೇವು ಎಂದು ಕಾಯುತ್ತಿದ್ದ ವ್ಯಾಪಾರಿಗಳನ್ನು ಅವರು ಖಂಡಿಸಿದರು. ನ್ಯಾಯವಿಲ್ಲದವರ ಹಬ್ಬವೂ ಬೇಡ, ಹಾಡೂ ಬೇಡ ಎಂದು ದೇವರು ಹೇಳುತ್ತಾರೆ ಎಂದು ಸಾರಿದರು. ತೊಗರಿ ಬೆಳೆಯುವ ನಮಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿ ಹೆಸರು ಬಂತು. ಆ ಹೆಸರು ನಿಲ್ಲುವುದು ತಕ್ಕಡಿ ಸರಿಯಿದ್ದರೆ ಮಾತ್ರ.

ಹಾಗೆಯೇ ಕೂಲಿಯ ಮಾತು. ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲು ಕೊಡಬೇಕು ಎಂಬುದು ಬೈಬಲಿನ ಧರ್ಮೋಪದೇಶಕಾಂಡದಲ್ಲಿರುವ ಆಜ್ಞೆ. ನಮ್ಮ ಸದಸ್ಯೆಯರಲ್ಲೂ ಎರಡು ಎಕರೆ ಹೊಲ ಇದ್ದು ಕಳೆಗೆ ಆಳು ಕರೆಯುವವರಿದ್ದಾರೆ. "ಬರೋ ವಾರ ಕೊಡ್ತೀನಿ ತಗೋ" ಎನ್ನುವ ಮೊದಲು ಇದನ್ನು ನೆನೆಯಿರಿ.

ಎತ್ತಿಗೆ ಸೋಮವಾರ, ನಿಮಗೆ?

ನಮ್ಮ ಕಡೆ ಅನೇಕ ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬೈಬಲಿನಲ್ಲೂ ವಾರಕ್ಕೊಂದು ದಿನ ವಿಶ್ರಾಂತಿ ಇದೆ. ಮನೆಯವರಿಗಷ್ಟೇ ಅಲ್ಲ, ಆಳಿಗೂ, ದಾಸಿಗೂ, ಎತ್ತಿಗೂ, ಪರಊರಿನವರಿಗೂ. ನೀವೂ ಈಜಿಪ್ಟಿನಲ್ಲಿ ದಾಸರಾಗಿದ್ದದ್ದನ್ನು ಮರೆಯಬೇಡಿ ಎಂದು ಅಲ್ಲಿ ಕಾರಣವನ್ನೂ ಕೊಟ್ಟಿದೆ.

ಈಗ ನಮ್ಮ ಮನೆ ನೋಡೋಣ. ಭಾನುವಾರ ಗಂಡಸರಿಗೆ ರಜೆ, ಮಕ್ಕಳಿಗೆ ರಜೆ. ಆ ದಿನ ಹೆಂಗಸರಿಗೆ ಅಡುಗೆ ಇನ್ನೂ ಹೆಚ್ಚು. ಎತ್ತಿಗೆ ಸಿಕ್ಕ ದಿನ ಹೆಂಡತಿಗೆ ಸಿಗಲಿಲ್ಲ! ಒಬ್ಬರ ವಿಶ್ರಾಂತಿ ಇನ್ನೊಬ್ಬರ ಬೆನ್ನಿನ ಮೇಲೆ ನಿಂತರೆ ಅದು ದೇವರ ದಿನ ಹೇಗಾದೀತು? ಭಾನುವಾರ ಗಂಡ ನೀರು ತಂದರೆ, ಮಗ ಭಾಂಡೆ ತೊಳೆದರೆ ಅವರ ಮಾನ ಹೋಗುವುದಿಲ್ಲ. ಅದೇ ಅವರ ಆ ದಿನದ ಆರಾಧನೆ.

ಹಾಗಾದರೆ ಚರ್ಚಿಗೆ ಹೋಗುವುದು ಬೇಡವೇ?

ಬೇಕು. ಒಂದೇ ಕೆಂಡ ಒಲೆಯಿಂದ ಹೊರಗೆ ತೆಗೆದಿಟ್ಟರೆ ಬೇಗ ಆರುತ್ತದೆ. ನಾವು ಕೂಡಬೇಕು, ವಾಕ್ಯ ಕೇಳಬೇಕು, ಒಂದೇ ರೊಟ್ಟಿಯಲ್ಲಿ ಪಾಲು ಪಡೆಯಬೇಕು. ಸಂಘದ ಸಭೆಗೆ ಬಾರದೆ ಬರೀ ಉಳಿತಾಯ ಕಳಿಸಿದರೆ ಸಂಘ ನಡೆಯದು, ಹಾಗೆಯೇ ಇದು ಸಹ. ಭಾನುವಾರದ ಪೂಜೆಗೆ ಬರುವುದು ಕಥೋಲಿಕರ ಕರ್ತವ್ಯ ಎಂದು ಧರ್ಮಸಭೆ ಹೇಳುತ್ತದೆ.

ಆದರೆ ಧರ್ಮಸಭೆ ಬಡವರ ಕಷ್ಟ ಅರಿಯದೇ ಈ ನಿಯಮ ಮಾಡಿಲ್ಲ. ಕಾಯಿಲೆ, ಎಳೆ ಕೂಸಿನ ಆರೈಕೆ, ಇಂಥ ಗಂಭೀರ ಕಾರಣ ಇದ್ದಾಗ ಬಾರದಿದ್ದರೆ ಅದು ಪಾಪವಲ್ಲ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಪೂಜೆಗೆ ಸಮ. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾಯಿತಾದರೂ ನಮ್ಮಲ್ಲಿ ಎಲ್ಲ ಹಳ್ಳಿಗೂ ಚರ್ಚಿಲ್ಲ, ಗುರುಗಳು ಎಲ್ಲ ಕಡೆ ಬರಲಾಗದು. ಅಂಥಲ್ಲಿ ಮನೆಯಲ್ಲಿ ಅಥವಾ ನಾಲ್ಕು ಮನೆಯವರು ಕೂಡಿ ವಾಕ್ಯ ಓದಿ ಪ್ರಾರ್ಥಿಸಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಕೂಲಿಯ ಕಾರಣ ತಪ್ಪುತ್ತಿದ್ದರೆ ನಾಚಿಕೊಳ್ಳದೆ ನಿಮ್ಮ ಗುರುಗಳಿಗೆ ಹೇಳಿ. ಕೆಲಸಕ್ಕೆ ಕರೆಯುವವರೂ ಆಳುಗಳಿಗೆ ಆರಾಧನೆಗೆ, ವಿಶ್ರಾಂತಿಗೆ ಬಿಡುವು ಕೊಡಬೇಕೆಂಬುದು ಧರ್ಮಸಭೆಯ ಬೋಧನೆ. ಹತ್ತು ಮಂದಿ ಕೂಡಿ ಕೇಳಿದರೆ ಮುಂಜಾನೆ ಎರಡು ತಾಸು ಸಿಗಬಹುದು. ಒಬ್ಬಳೇ ಕೇಳಿದರೆ ಕಷ್ಟ.

ಪೂಜೆ ಮತ್ತು ದುಡಿಮೆ ಎರಡನ್ನೂ ಒಂದು ಮಾಡಿದ ಒಬ್ಬರನ್ನು ನೆನೆಯೋಣ. ಕೇರಳದಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರ, ಆದಿವಾಸಿಗಳ ನಡುವೆ ದುಡಿದರು. ನಮ್ಮ ಹಾಗೆಯೇ ಸ್ವಸಹಾಯ ಗುಂಪು ಕಟ್ಟಿಸಿದರು, ಬಡ್ಡಿಯವರ ಹಿಡಿತದಿಂದ ಬಿಡಿಸಲು ಬ್ಯಾಂಕಿನ ದಾರಿ ತೋರಿಸಿದರು. ಇದರಿಂದ ನಷ್ಟವಾದವರ ಸಿಟ್ಟಿಗೆ ಗುರಿಯಾಗಿ, 1995ರ ಫೆಬ್ರುವರಿ 25ರಂದು ಬಸ್ಸಿನ ಪ್ರಯಾಣದಲ್ಲಿ ಕೊಲೆಯಾದರು. ಅವರ ಒಡಹುಟ್ಟಿದ ತಂಗಿ, ಅವರೂ ಕನ್ಯಾಸ್ತ್ರೀ, ಜೈಲಿಗೆ ಹೋಗಿ ಕೊಂದವನನ್ನು ಕ್ಷಮಿಸಿ ರಾಖಿ ಕಟ್ಟಿದರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆ ಸಿಸ್ಟರ್ ಅವರನ್ನು ಪುನೀತೆ ಎಂದು ಘೋಷಿಸಿತು. ಬಡವರ ಸಾಲದ ಲೆಕ್ಕ ನೋಡುವುದೂ ಪವಿತ್ರ ಕೆಲಸ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಜೇವರ್ಗಿಯ ಆ ಅಕ್ಕನಿಗೆ ಈಗ ನಮ್ಮ ಉತ್ತರ ಇದು. ಅಕ್ಕಾ, ಹತ್ತಿ ಹೊಲದಲ್ಲಿ ನೀವು ಮಾಡಿದ ಪ್ರಾರ್ಥನೆ ದೇವರಿಗೆ ಖಂಡಿತ ಮುಟ್ಟುತ್ತದೆ. ಬಾವಿಯ ಹತ್ತಿರ ಬಂದ ಹೆಣ್ಣುಮಗಳ ಮಾತು ಮುಟ್ಟಿತಲ್ಲ. ಬರಲಿಕ್ಕೆ ಆದ ದಿನ ತಪ್ಪದೇ ಬನ್ನಿ. ಬರಲಿಕ್ಕೆ ಆಗದ ದಿನ ನಿಮ್ಮ ಪಾಲಿನ ಜಾಗ ಖಾಲಿ ಇದೆ ಎಂದು ಉಳಿದವರು ಗಮನಿಸಬೇಕು, ಸಂಜೆ ನಿಮ್ಮ ಮನೆಗೆ ಬಂದು ಕೂಡಿ ಪ್ರಾರ್ಥಿಸಬೇಕು. ಅದು ನಮ್ಮೆಲ್ಲರ ಹೊಣೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಮಾತು ಬಿಟ್ಟ ಸದಸ್ಯೆಯರಿದ್ದಾರೆಯೇ? ಮೊದಲ ಹೆಜ್ಜೆ ಯಾರು ಇಡಬಹುದು?
2. ಸಭೆಯಲ್ಲಿ ಚಹಾ ಕುಡಿಯುವಾಗ, ಕೂರುವಾಗ ನಾವು ಜಾತಿಭೇದ ಮಾಡುತ್ತೇವೆಯೇ?
3. ಕೂಲಿ, ತೂಕ, ಲೆಕ್ಕ ಈ ಮೂರರಲ್ಲಿ ನಾವು ಸರಿ ಮಾಡಿಕೊಳ್ಳಬೇಕಾದ್ದು ಯಾವುದು?
4. ವಾರದಲ್ಲಿ ಅರ್ಧ ದಿನವಾದರೂ ಹೆಣ್ಣುಮಕ್ಕಳಿಗೆ ವಿಶ್ರಾಂತಿ ಸಿಗಲು ಮನೆಯವರ ಹತ್ತಿರ ಏನು ಕೇಳೋಣ?

ಚರ್ಚೆಯಲ್ಲಿ ಬಂದ ಮಾತುಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಲ ನಾವು ನಿಮ್ಮ ಊರಿಗೆ ಬಂದಾಗ ಕೂಡಿ ಓದೋಣ. ದೇವರು ನಿಮ್ಮ ಮನೆ, ಹೊಲ, ಸಂಘಗಳನ್ನು ಹರಸಲಿ.